ಸೊನ್ನೆ ಬಡ್ಡಿಯ ಕಾರು

ಪರೀಕ್ಷೆಯ ದಿನವೇ, ಅದೂ ನಾಲ್ಕು ರಸ್ತೆ ಕೂಡುವ ಜಾಗದಲ್ಲಿ, ಹಳೆಯ ಕಾರು ನಿಂತುಬಿಟ್ಟಿತು. ಸ್ಟಿಯರಿಂಗ್ ಹಿಡಿದಿದ್ದವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ಪಕ್ಕದಲ್ಲಿ ಲೈಸೆನ್ಸ್ ಕೊಡುವ ಪರೀಕ್ಷಕರು. ಹಿಂದಿನ ಸೀಟಿನಲ್ಲಿ ಅವಳಿಗೆ ಎರಡು ತಿಂಗಳು ಡ್ರೈವಿಂಗ್ ಹೇಳಿಕೊಟ್ಟ ಟೀಚರ್. ಹುಡುಗಿ ಕೀಲಿ ತಿರುಗಿಸಿದಳು, ಮತ್ತೆ ತಿರುಗಿಸಿದಳು. ಎಂಜಿನ್ ಮುದುಕರ ಹಾಗೆ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹಿಂದಿನಿಂದ ಹಾರ್ನ್‌ಗಳು ಕಿವಿ ಹರಿಯುವಂತೆ ಕೂಗತೊಡಗಿದವು.

ಮೂವರೂ ಇಳಿದು ಕಾರನ್ನು ಪಕ್ಕಕ್ಕೆ ತಳ್ಳಿದರು. ಪರೀಕ್ಷಕರು ಕೈಯ ಧೂಳು ಒರೆಸಿಕೊಳ್ಳುತ್ತಾ ಹೇಳಿದರು: "ತಪ್ಪು ಈ ಹುಡುಗೀದಲ್ಲ ಟೀಚರ್, ಗಾಡೀದು. ಆದ್ರೆ ಗಾಡಿಗೆ ಫೇಲ್ ಹಾಕೋಕೆ ನನ್ನ ಹತ್ರ ಕಾಲಂ ಇಲ್ವಲ್ಲ. ಬೇರೆ ಗಾಡಿ ತಂದು ಇವಳನ್ನ ಮತ್ತೆ ಕರ್ಕೊಂಡು ಬನ್ನಿ."

ಹುಡುಗಿ ಅಳಲಿಲ್ಲ. ಅದೇ ಟೀಚರಿಗೆ ಹೆಚ್ಚು ಚುಚ್ಚಿತು.

ಇಪ್ಪತ್ತೆರಡು ವರ್ಷಗಳಿಂದ ಆಕೆ ಈ ಊರಿನವರಿಗೆ ಕಾರು ಓಡಿಸಲು ಕಲಿಸುತ್ತಿದ್ದರು. "ಕ್ಲಚ್! ಕ್ಲಚ್ ಒತ್ತು!" ಎಂದು ದಿನವಿಡೀ ಕೂಗುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಕ್ಲಚ್ ಟೀಚರ್ ಆಗಿದ್ದರು. ಈಗ ಕಲಿಯಲು ಬರುವವರಲ್ಲಿ ಅರ್ಧದಷ್ಟು ಮಂದಿ ಕರೆಂಟಿನ ಕಾರು ಇದೆಯಾ ಎಂದೇ ಮೊದಲು ಕೇಳುತ್ತಿದ್ದರು. ಮೊದಲ ಗೇರಿನಲ್ಲಿ, ಎರಡನೇ ಗೇರಿನಲ್ಲಿ ದಿನವಿಡೀ ತೆವಳುವ ಕಾರು ಬಂದ ಫೀಸಿನಲ್ಲಿ ಅರ್ಧವನ್ನು ಪೆಟ್ರೋಲಿಗೇ ಕುಡಿದುಹಾಕುತ್ತಿತ್ತು. ಕರೆಸಿದ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ ನೋಡಿ, ಇದು ಇನ್ನು ಗುಜರಿಗೇ ಎಂದು ಮುಚ್ಚಿದ. ಹೊಸ ಕಾರು, ಅದೂ ಕರೆಂಟಿನದು ಎಂದು ಟೀಚರ್ ಅಲ್ಲೇ ನಿಂತು ನಿಶ್ಚಯಿಸಿದರು. ನಿಶ್ಚಯಿಸುವುದು ಸಲೀಸಾಗಿತ್ತು, ತೊಡಕು ಶುರುವಾದದ್ದು ಆಮೇಲೆ.

ಮರುದಿನ ಬೆಳಿಗ್ಗೆ ಶೋರೂಮಿನ ಗಾಜಿನ ಬಾಗಿಲು ತಳ್ಳಿದರೆ ಎದುರಿಗೆ ಟೈ ಕಟ್ಟಿಕೊಂಡು ನಿಂತಿದ್ದವನು ಅವರ ಹಳೆಯ ವಿದ್ಯಾರ್ಥಿ. ಗಾಡಿ ಹಿಂದಕ್ಕೆ ತೆಗೆಯುವಾಗ ಮೊದಲ ಮೂರು ಪರೀಕ್ಷೆಯಲ್ಲೂ ಕಂಬಕ್ಕೆ ಗುದ್ದಿ, ನಾಲ್ಕನೆಯದರಲ್ಲಿ ಹೇಗೋ ದಾಟಿದವನು. ಜೊತೆಯವರು ಅವನಿಗೆ ರಿವರ್ಸ್ ಎಂದೇ ಹೆಸರಿಟ್ಟಿದ್ದರು.

"ಟೀಚರ್! ನೀವಾ? ಬನ್ನಿ ಬನ್ನಿ, ಕೂತ್ಕೊಳಿ," ಎಂದು ಅವನು ಕುರ್ಚಿ ಎಳೆದ. "ನಿಮ್ಮ ಅದೃಷ್ಟ ನೋಡಿ, ಈ ತಿಂಗಳು ಮೂರು ಆಫರ್ ಇದೆ."

ಮೇಜಿನ ಮೇಲೆ ಮೂರು ಬಣ್ಣದ ಕಾಗದಗಳು ಬಂದವು. ಕಾರಿಗೆ ಹನ್ನೆರಡು ಲಕ್ಷ. ಕೈಯಿಂದ ಮೂರು ಲಕ್ಷ ಕಟ್ಟಿದರೆ ಉಳಿದ ಒಂಬತ್ತಕ್ಕೆ ಸಾಲ. ನೀಲಿ ಕಾಗದದಲ್ಲಿ ಸೊನ್ನೆ ಬಡ್ಡಿ, ಮೂರು ವರ್ಷ, ತಿಂಗಳಿಗೆ ಇಪ್ಪತ್ತೈದು ಸಾವಿರ. ಹಸಿರು ಕಾಗದದಲ್ಲಿ ಬೆಲೆಯಲ್ಲೇ ತೊಂಬತ್ತು ಸಾವಿರ ಕಡಿತ, ಆದರೆ ಸಾಲವನ್ನು ನಿಮ್ಮ ಬ್ಯಾಂಕಿನಲ್ಲಿ ನೀವೇ ನೋಡಿಕೊಳ್ಳಬೇಕು. ಹಳದಿಯದರಲ್ಲಿ ಎರಡೂವರೆ ಪರ್ಸೆಂಟ್ ಬಡ್ಡಿ, ತಿಂಗಳಿಗೆ ಬರೀ ಹದಿನಾಲ್ಕು ಸಾವಿರ.

ರಿವರ್ಸ್ ಗಡಗಡನೆ ವಿವರಿಸುತ್ತಾ ಹೋದ. ಟೀಚರ್ "ಹೂಂ, ಹೂಂ" ಎಂದು ತಲೆಯಾಡಿಸುತ್ತಾ ಕುಳಿತರು. ಕಲಿಯುವವರು ಹೀಗೆ ಅರ್ಥವಾಗದೆ ತಲೆಯಾಡಿಸಿದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ತಾವೇ ಆಡಿಸುತ್ತಿದ್ದರು. ತಮ್ಮ ಕೈಯಲ್ಲಿ ಬೈಸಿಕೊಂಡ ಹುಡುಗನ ಮುಂದೆ ತಿಳಿಯಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ಶನಿವಾರದ ತನಕ ಅಷ್ಟೇ ಟೀಚರ್," ಎಂದ ಅವನು, ಬಾಗಿಲವರೆಗೂ ಬಂದು.

ಟೀಚರ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಧ್ಯಾಹ್ನ ಊಟವಾದ ಮೇಲೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಮೂರೂ ಕಾಗದಗಳನ್ನು ಹರಡಿ, ಗಾಳಿಗೆ ಹಾರದಂತೆ ಕತ್ತರಿ, ಇಸ್ತ್ರಿಪೆಟ್ಟಿಗೆ, ಗುಂಡಿ ಡಬ್ಬಿ ಇಟ್ಟರು. ಮೂಲೆಯಲ್ಲಿ ಅತ್ತೆ ಯಾರದೋ ಕೋಟಿಗೆ ಗುಂಡಿ ಹಾಕುತ್ತಿದ್ದರು.

"ಇದ್ರಲ್ಲಿ ಯೋಚನೆ ಮಾಡೋದು ಏನಿದೆ?" ಎಂದ ಗಂಡ. "ಹಳದೀನೇ. ಇಪ್ಪತ್ತೈದೆಲ್ಲಿ, ಹದಿನಾಲ್ಕೆಲ್ಲಿ! ಹಾಸಿಗೆ ಇದ್ದಷ್ಟೇ ಕಾಲು ಚಾಚ್ಬೇಕು ಕಣೆ."

"ಅಲ್ಲಾರೀ, ಬಡ್ಡಿ ಇಲ್ದೆ ಇರೋದಕ್ಕೆ ಇಪ್ಪತ್ತೈದು, ಬಡ್ಡಿ ಇರೋದಕ್ಕೆ ಹದಿನಾಲ್ಕಾ? ಅದು ಹ್ಯಾಗಾಗುತ್ತೆ?"

ಗಂಡ ಸೂಜಿಗೆ ದಾರ ಪೋಣಿಸುವಾಗ ಹಾಕುವ ಕನ್ನಡಕ ಏರಿಸಿಕೊಂಡು ಹಳದಿ ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ಕೊನೆಯಲ್ಲಿ ಇರುವೆಯಂಥ ಅಕ್ಷರಗಳಿದ್ದವು. ಓದುತ್ತಾ ಓದುತ್ತಾ ಅವನ ಮುಖ ಇಳಿಯಿತು.

"ಮೂರು ವರ್ಷ ಆದ್ಮೇಲೆ ಕೊನೇ ಕಂತು... ನಾಲ್ಕೂವರೆ ಲಕ್ಷ. ಒಂದೇ ಸಲಕ್ಕೆ."

"ಅಯ್ಯೋ ಶಿವನೇ!"

ಹಳದಿ ಕಾಗದದ ಹಿಂಬದಿ ಅಂದಿನಿಂದ ಅಳತೆ ಬರೆದುಕೊಳ್ಳುವ ಚೀಟಿಯಾಯಿತು. ಉಳಿದವು ಎರಡು. ಗಂಡ ನೀಲಿಯನ್ನು ಹಿಡಿದ. ಸೊನ್ನೆ ಎಂದಮೇಲೆ ಮುಗಿಯಿತು, ಸೊನ್ನೆಗಿಂತ ಕಡಿಮೆ ಬಡ್ಡಿ ಎಲ್ಲಾದರೂ ಉಂಟೇ? ಟೀಚರಿಗೂ ಹಾಗೇ ಅನಿಸಿತು. ಅಷ್ಟರಲ್ಲಿ ಅತ್ತೆ ದಾರವನ್ನು ಹಲ್ಲಿನಿಂದ ಕಡಿಯುತ್ತಾ ಕೇಳಿದರು: "ಸೊನ್ನೆ ಮಾರೋಕೆ ಅಷ್ಟು ದೊಡ್ಡ ಗಾಜಿನ ಅಂಗಡಿ ಯಾಕೆ ಹಾಕಿದ್ದಾರೆ?"

"ಅಮ್ಮಾ, ನಿನಗೆ ಗೊತ್ತಾಗಲ್ಲ, ಸುಮ್ನಿರು," ಎಂದ ಮಗ.

"ನನಗೆ ಗೊತ್ತಾಗಲ್ಲ ಅಂತಾನೇ ಕೇಳಿದ್ದು ಕಣೋ. ನಿನಗೆ ಗೊತ್ತಾಗಿದ್ರೆ ಹೇಳು."

ಆ ಪ್ರಶ್ನೆ ಟೀಚರ ತಲೆ ಕೊರೆಯತೊಡಗಿತು. ಸಂಜೆಯ ಪಾಠದಲ್ಲಿ ಟೀಚರ್ ಬೇರೆಯವರಿಂದ ಬಾಡಿಗೆಗೆ ತಂದ ಕಾರಿನಲ್ಲಿ ಕುಳಿತು, ಬಲಕ್ಕೆ ತಿರುಗಬೇಕಾದಲ್ಲಿ ಎಡಕ್ಕೆ ತಿರುಗಿಸು ಎಂದು ಎರಡು ಸಲ ಹೇಳಿದರು.

ಮಾರನೆಯ ದಿನ ಬ್ಯಾಂಕಿಗೆ ಹೋದರು. ಸಾಲದ ಮೇಜಿನಲ್ಲಿ ಕುಳಿತಿದ್ದ ಅಧಿಕಾರಿ ಮೂವತ್ತರೊಳಗಿನ ಹೆಣ್ಣುಮಗಳು. ಹಸಿರು ಕಾಗದ ನೋಡಿ ಕೀಬೋರ್ಡ್ ಒತ್ತಿದಳು. "ಕಡಿತ ತಗೊಂಡ್ರೆ ನೀವು ಸಾಲ ಮಾಡೋದು ಒಂಬತ್ತಲ್ಲ, ಎಂಟು ಲಕ್ಷದ ಹತ್ತು ಸಾವಿರ. ನಮ್ಮ ಹತ್ರ ಆರು ಪರ್ಸೆಂಟ್. ಮೂರು ವರ್ಷಕ್ಕೆ ಬಡ್ಡಿ ಸೇರಿ ಒಟ್ಟು ಎಂಟು ಲಕ್ಷದ ಎಂಬತ್ತೇಳು ಸಾವಿರ ಕಟ್ತೀರಾ. ಸೊನ್ನೆ ಬಡ್ಡೀಲಿ ಒಂಬತ್ತು ಲಕ್ಷ. ಅಲ್ಲಿಗೆ ಇದೇ ಹದಿಮೂರು ಸಾವಿರ ಕಡಿಮೆ ಆಯ್ತು."

ಟೀಚರ ತಲೆ ತನ್ನಷ್ಟಕ್ಕೆ ತಾನೇ ಆಡಲು ಶುರುವಾಯಿತು. ಅದನ್ನು ಬಲವಂತವಾಗಿ ನಿಲ್ಲಿಸಿದರು.

"ಮೇಡಂ, ತಪ್ಪು ತಿಳ್ಕೋಬೇಡಿ. ನನಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಆರು ಪರ್ಸೆಂಟು, ಸೊನ್ನೆಗಿಂತ ಕಡಿಮೆ ಹ್ಯಾಗಾಗುತ್ತೆ?"

ಅಧಿಕಾರಿ ಕಂಪ್ಯೂಟರಿನಿಂದ ಮುಖ ತಿರುಗಿಸಿ ಮೊದಲ ಬಾರಿಗೆ ಅವರನ್ನು ಸರಿಯಾಗಿ ನೋಡಿದಳು. "ಅಂಗಡಿಯವರು ಬಡ್ಡಿ ಬಿಟ್ಟಿಲ್ಲ ಅಮ್ಮಾ. ಬಡ್ಡಿ ಅಂತ ಕರೀತಿಲ್ಲ, ಅಷ್ಟೆ. ಸೊನ್ನೆ ಬೇಕು ಅಂದ್ರೆ ಆ ತೊಂಬತ್ತು ಸಾವಿರ ಕಡಿತ ನಿಮಗೆ ಸಿಗಲ್ಲ ಅಲ್ವಾ? ಅದೇ ಅವರ ಬಡ್ಡಿ. ಮೊದ್ಲೇ ಬೆಲೆಯೊಳಗೆ ಸೇರಿಸಿಟ್ಟಿದ್ದಾರೆ."

"ತಡೀರಿ, ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ," ಎಂದು ಟೀಚರ್ ಬೆರಳು ಮಡಿಚುತ್ತಾ ಮೊದಲಿಂದ ಹೇಳಿದರು. ಎರಡು ಕಡೆ ತಪ್ಪಿತು. ಮೂರನೇ ಸಲ ಸರಿಹೋಯಿತು. ಬ್ಯಾಂಕಿನ ಮೆಟ್ಟಿಲು ಇಳಿಯುವಾಗ ಅದು ಬೆಳಕಿನಷ್ಟು ಸ್ಪಷ್ಟವಾಗಿತ್ತು. ಮನೆ ತಲುಪುವಷ್ಟರಲ್ಲಿ ಅರ್ಧ ಕರಗಿತ್ತು. ಗಂಡನಿಗೆ ವಿವರಿಸಲು ಹೊರಟಾಗ ಪೂರ್ತಿ ಕರಗಿಹೋಯಿತು.

"ಬಡ್ಡಿ ಇಲ್ದೇ ಇದ್ರೆ ಜಾಸ್ತಿ, ಬಡ್ಡಿ ಇದ್ರೆ ಕಡಿಮೆ ಅಂತ ಯಾರಾದ್ರೂ ಹೇಳಿದ್ರೆ ನೀನು ನಂಬ್ಕೊಂಡು ಬಂದ್ಯಾ? ಬ್ಯಾಂಕಿನವರಿಗೆ ಸಾಲ ಕೊಡೋದೇ ಕೆಲಸ. ಕುರಿ ಕಾಯೋಕೆ ತೋಳನ್ನ ಕೇಳಿದ ಹಾಗಾಯ್ತು," ಎಂದ ದರ್ಜಿ.

ಅದೂ ಸರಿಯೆನಿಸಿತು. ಶೋರೂಮಿನಲ್ಲಿ ರಿವರ್ಸ್ ಹೇಳಿದ್ದು ಸರಿಯೆನಿಸಿತ್ತು, ಬ್ಯಾಂಕಿನಲ್ಲಿ ಅಧಿಕಾರಿ ಹೇಳಿದ್ದೂ ಸರಿಯೆನಿಸಿತ್ತು. ಯಾರ ಎದುರಿಗೆ ಕುಳಿತರೆ ಅವರ ಮಾತೇ ಸರಿ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು, ನಡುವೆ ನೊಗ ತಾವಾದರು. ಕೊನೆಗೆ ಶುಕ್ರವಾರ ಗಂಡಹೆಂಡಿರು ಜೊತೆಯಾಗಿ ಶೋರೂಮಿಗೆ ಹೋದರು. ಹದಿಮೂರು ಸಾವಿರ ಹೋದರೆ ಹೋಗಲಿ, ಮನೆಯಲ್ಲಿ ಜಗಳ ಬೇಡ, ನೀಲಿಗೇ ಸಹಿ ಹಾಕಿಬಿಡೋಣ ಎಂದು ದಾರಿಯಲ್ಲಿ ಟೀಚರ್ ಮನಸ್ಸು ಮಾಡಿಕೊಂಡಿದ್ದರು.

ಪೆನ್ನು ಕೈಗೆ ತೆಗೆದುಕೊಂಡಾಗ ಒಂದು ಮಾತು ನೆನಪಾಯಿತು. "ಅಂದ ಹಾಗೆ, ನನ್ನ ಸೀಟಿನ ಕೆಳಗೂ ಒಂದು ಬ್ರೇಕ್ ಬೇಕಲ್ಲಪ್ಪಾ. ಕಲಿಸೋ ಗಾಡಿಗೆ ಅದು ಇರ್ಲೇಬೇಕು. ನೀವೇ ಹಾಕಿಸಿ ಕೊಡ್ತೀರಾ?"

ರಿವರ್ಸ್ ಕೇಳಿಕೊಂಡು ಬರುತ್ತೇನೆಂದು ಮ್ಯಾನೇಜರ ಕೋಣೆಗೆ ಹೋದ. ಗಾಜಿನಾಚೆ ಮ್ಯಾನೇಜರ್ ಕೈಯಾಡಿಸುವುದು, ಇವನು ಕತ್ತು ಕೆರೆದುಕೊಳ್ಳುವುದು ಕಂಡಿತು. ಮರಳಿ ಬಂದಾಗ ಅವನ ಮುಖ ಮೂರನೇ ಸಲ ಕಂಬಕ್ಕೆ ಗುದ್ದಿದ ದಿನದಂತಿತ್ತು.

"ಟೀಚರ್, ಬ್ರೇಕ್ ಹಾಕಿಸ್ಬೋದು. ಆದ್ರೆ... ಸೊನ್ನೆ ಬಡ್ಡಿ ಸ್ವಂತಕ್ಕೆ ಓಡಿಸೋರಿಗೆ ಮಾತ್ರ ಅಂತೆ. ಕಲಿಸೋ ಗಾಡಿ ವ್ಯಾಪಾರದ ಲೆಕ್ಕಕ್ಕೆ ಬರುತ್ತಂತೆ."

"ಇಷ್ಟು ದಿನ ಇದನ್ನ ಹೇಳೇ ಇಲ್ವಲ್ಲೋ! ನಾನು ಏನು ಕೆಲಸ ಮಾಡ್ತೀನಿ ಅಂತ ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?"

"ನನಗೂ ಈಗ್ಲೇ ಗೊತ್ತಾಗಿದ್ದು ಟೀಚರ್. ಸತ್ಯವಾಗ್ಲೂ ಆ ಕಾಗದ ನಾನೂ ಪೂರ್ತಿ ಓದಿಲ್ಲ." ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಒಂದು ದಾರಿ ಇದೆ. ಗಾಡಿ ಸಾರ್ ಹೆಸರಲ್ಲಿ, ಸ್ವಂತಕ್ಕೆ ಅಂತ ಬರೆಸಿ. ಬ್ರೇಕ್ ಆಮೇಲೆ ಹೊರಗಡೆ ಹಾಕಿಸ್ಕೊಳಿ. ಯಾರು ಬಂದು ನೋಡ್ತಾರೆ?"

ಗಂಡ ಹೆಂಡತಿಯ ಮುಖ ನೋಡಿದ. ಅವನ ಕಣ್ಣಿನಲ್ಲಿ ಆಸೆ ಇತ್ತು. ಟೀಚರಿಗೂ ಇರಲಿಲ್ಲವೆಂದೇನಲ್ಲ. ಮೂರು ದಿನ ತಲೆ ಕೆಡಿಸಿಕೊಂಡು ಕೊನೆಗೆ ಕೈಗೆ ಬಂದದ್ದು ಬಾಯಿಗೆ ಬಾರದೆ ಹೋಗುತ್ತಿತ್ತು. ಪೆನ್ನಿನ ತುದಿ ಕಾಗದದ ಮೇಲೆಯೇ ನಿಂತಿತ್ತು.

ಆಗ ಅವರಿಗೆ ಕಳೆದ ವರ್ಷದ ಒಬ್ಬ ಬಡಗಿ ನೆನಪಾದ. ಶಾಲೆ ಬಿಡುವ ಹೊತ್ತಿನಲ್ಲಿ, ಮಕ್ಕಳು ರಸ್ತೆ ದಾಟುತ್ತಿದ್ದಾಗ, ಗಾಬರಿಯಲ್ಲಿ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದಿದ್ದ. ಟೀಚರ ಕಾಲು ತಮ್ಮ ಬದಿಯ ಬ್ರೇಕಿನ ಮೇಲಿದ್ದುದರಿಂದ ಕಾರು ಒಂದು ಮಾರು ದೂರದಲ್ಲಿ ನಿಂತಿತ್ತು. 

"ಕಲಿಯೋರು ಬ್ರೇಕ್ ಅಂತ ಆಕ್ಸಿಲರೇಟರ್ ತುಳಿದು, ಗಾಡಿ ನಿಲ್ಲದೇ ಹೋದ್ರೆ, ಇನ್ಶೂರೆನ್ಸ್‌ನೋರು ಮೊದಲು ಕೇಳೋದೇ ಈ ಕಾಗದ," ಎಂದರು ಟೀಚರ್. "ಸ್ವಂತಕ್ಕೆ ಅಂತ ಬರೆಸಿದ ಗಾಡೀಲಿ ಕಲಿಯೋನು ಯಾಕೆ ಕೂತಿದ್ದ ಅಂದ್ರೆ ಏನು ಹೇಳ್ಲಿ? ನನ್ನ ಹೆಸರಿಗೆ, ನನ್ನ ಕೆಲಸಕ್ಕೆ ಅಂತಾನೇ ಬರಿ. ಹಸಿರು ಕಾಗದದ ಕಡಿತ ಸಿಗುತ್ತಾ, ಅದಕ್ಕೂ ಬೇರೆ ಏನಾದ್ರೂ ಕೊಕ್ಕೆ ಇದ್ಯಾ? ಒಳಗೆ ಹೋಗಿ ಪೂರ್ತಿ ಓದ್ಕೊಂಡು ಬಾ."

ರಿವರ್ಸ್ ಈ ಸಲ ಹದಿನೈದು ನಿಮಿಷ ಕುಳಿತು ಓದಿದ. ಕಡಿತ ಯಾರಿಗಾದರೂ ಸಿಗುತ್ತಿತ್ತು. ಅದನ್ನು ಬರವಣಿಗೆಯಲ್ಲಿ ಕೊಟ್ಟು, ಮ್ಯಾನೇಜರ ಸಹಿಯನ್ನೂ ತಾನೇ ಹಾಕಿಸಿಕೊಂಡು ಬಂದ.

ಇಬ್ಬರೂ ಬ್ಯಾಂಕಿಗೆ ಹೋದಾಗ ಇನ್ನೊಂದು ತೊಡಕು. ವ್ಯಾಪಾರದ ಗಾಡಿಗೆ ಆರಲ್ಲ, ಏಳೂವರೆ ಪರ್ಸೆಂಟ್. ಒಟ್ಟು ಒಂಬತ್ತು ಲಕ್ಷದ ಏಳು ಸಾವಿರ.

"ಅಂದ್ರೆ ಈಗ ಸೊನ್ನೇನೇ ಏಳು ಸಾವಿರ ಕಡಿಮೆ ಆಯ್ತಾ?" ಎಂದರು ಟೀಚರ್.

"ಹೌದಮ್ಮಾ. ಆದ್ರೆ ಅದು ನಿಮಗೆ ಇಲ್ವಲ್ಲ."

"ನಾನು ಹೇಳ್ಲಿಲ್ವಾ, ಸೊನ್ನೇನೇ ಕಡಿಮೆ ಅಂತ!" ಎಂದು ಗಂಡ ತೊಡೆ ತಟ್ಟಿಕೊಂಡ. ಎರಡು ದಿನ ಅವನ ಮಾತು ತಪ್ಪಾಗಿತ್ತು, ಈಗ ತಾನಾಗಿಯೇ ಸರಿಯಾಗಿತ್ತು. ಟೀಚರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದೊಂದು ಹಾಳೆಯನ್ನೂ ಓದಿಸಿ ಕೇಳಿ, ಅರ್ಥವಾಗದ ಕಡೆ ನಿಲ್ಲಿಸಿ, ಹಿಂದೆ ಸಾಲು ಬೆಳೆದರೂ ಲೆಕ್ಕಿಸದೆ, ಕೊನೆಗೆ ಹನ್ನೊಂದು ಕಡೆ ಸಹಿ ಮಾಡಿದರು.

ಕಾರು ಮೂರು ವಾರಕ್ಕೆ ಬಂತು. ಅಂಗಡಿಯ ಮುಂದೆ ಸದ್ದಿಲ್ಲದೆ ಬಂದು ನಿಂತಾಗ ಅತ್ತೆ ತಲೆಯೆತ್ತಲೇ ಇಲ್ಲ. ಬೂದು ಬಣ್ಣ ನೋಡಿ ಗಂಡ, ಈ ಬಟ್ಟೆಗೆ ಕೊಳೆ ಕಾಣುವುದಿಲ್ಲ ಎಂದು ಮೆಚ್ಚಿಕೊಂಡ. ಲ್ಯಾಬಿನ ಹುಡುಗಿ ನಾಲ್ಕು ದಿನ ಅಭ್ಯಾಸ ಮಾಡಿ ಪರೀಕ್ಷೆಯಲ್ಲಿ ಪಾಸಾದಳು. ಪರೀಕ್ಷಕರು ಕಾಲಂ ತುಂಬಿ ಸಹಿ ಹಾಕಿದರು.

ಮರಳುವ ದಾರಿಯಲ್ಲಿ ಹುಡುಗಿಯೇ ಓಡಿಸುತ್ತಿದ್ದಳು. ಖುಷಿಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. "ಟೀಚರ್, ನಾನೂ ಒಂದು ಕರೆಂಟಿನ ಕಾರು ತಗೋಬೇಕು ಅಂತಿದೀನಿ. ಎಲ್ಲೋ ಒಂದು ಪರ್ಸೆಂಟ್ ಬಡ್ಡಿ ಅಂತ ಬೋರ್ಡ್ ನೋಡ್ದೆ. ನೀವು ಈಗಷ್ಟೇ ತಗೊಂಡಿದೀರಲ್ಲ, ಒಳ್ಳೇದಾ ಅದು?"

ಟೀಚರ್ ಬಾಯಿ ತೆರೆದರು. ಕಡಿತ, ಕಂತು, ಕೊನೇ ಕಂತು, ಆರು, ಏಳೂವರೆ, ಎಲ್ಲ ಒಟ್ಟಿಗೆ ನಾಲಿಗೆಯ ತುದಿಗೆ ಬಂದು ಒಂದನ್ನೊಂದು ದಬ್ಬಿದವು. ಬಾಯಿ ಮುಚ್ಚಿದರು.

"ಮುಂದೆ ಎಡಗಡೆ ನಿಲ್ಸು," ಎಂದರು.

ಹುಡುಗಿ ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಮರದ ನೆರಳಿನಲ್ಲಿ ನಿಲ್ಲಿಸಿದಳು. ಟೀಚರ್ ಚೀಲದಿಂದ ಪೆನ್ನು ತೆಗೆದು, ಪಾಠದ ಹಾಜರಿ ಪುಸ್ತಕದ ಕೊನೆಯ ಹಾಳೆ ತಿರುವಿದರು.

"ನನಗೂ ಪೂರ್ತಿ ಗೊತ್ತಿಲ್ಲ ಕಣಮ್ಮಾ. ಗೊತ್ತಿರೋಷ್ಟು ಹೇಳ್ತೀನಿ, ಗೊತ್ತಾಗ್ದೇ ಇದ್ರೆ ತಲೆ ಆಡಿಸ್ಬೇಡ. ಮೊದಲು ಹೇಳು, ಗಾಡಿ ನಿನಗೆ ಯಾತಕ್ಕೆ ಬೇಕು?"