ಚೀಟಿಯಲ್ಲಿದ್ದ ಹೆಸರು

ಚೀಟಿಯನ್ನು ನಳಿನಾಕ್ಷಿ ಎರಡು ಸಲ ಓದಿದಳು. ಮರಾಠಿಯಲ್ಲಿ ದಪ್ಪ ಅಕ್ಷರ: ನಳಿನಾಕ್ಷಿ, ಡೊಂಬಿವಿಲಿ ಪೂರ್ವ. ಅದರ ಮೇಲೆ ಪ್ರದರ್ಶನದ ಸಭಾಂಗಣದ ಗೋಡೆಗೆ ತೂಗಿದ್ದು ಹಳೆ ಬಟ್ಟೆಯ ತುಂಡುಗಳಿಂದ ಅವಳೇ ಹೊಲಿದ ಕೌದಿ. ಬೀಗರು ಬರುತ್ತಾರೆ, ಹಾಸಲಿಕ್ಕೆ ಬೇಕು ಎಂದು ಹೋದ ತಿಂಗಳು ಅದನ್ನು ಒಯ್ದಿದ್ದ ವೇದಾವತಿ ಪಕ್ಕದಲ್ಲೇ ನಿಂತು ನಗುತ್ತಿದ್ದಳು.

“ಎಂತ ಮಾಡಿದ್ದು ಮಾರಾಯ್ತಿ ನೀನು?”

“ಹೇಳಿದ್ರ ಬ್ಯಾಡ ಅಂತಿದ್ದಿ. ಇಷ್ಟು ಚಂದ ಹೊಲದು ಟ್ರಂಕಿನಾಗ ಇಡೂದೇನು?”

ಧಾರವಾಡದ ವೇದಾವತಿ ಡೊಂಬಿವಿಲಿಯ ಚಾಳಿನ ಸಾಲುಮನೆಗಳಲ್ಲಿ ಪಕ್ಕದ ಮನೆಯವಳು. ಕೌದಿ ಹೊಲಿಯಲು ಕಲಿಸಿದ್ದೇ ಅವಳು. ನಾಲ್ಕು ವರ್ಷದ ಹಿಂದೆ ನಳಿನಾಕ್ಷಿ ಆರು ವರ್ಷದ ಮಗಳು ಸೌಜನ್ಯಳನ್ನು ಕರೆದುಕೊಂಡು ತುರ್ಭೆಯ ಗಂಡನ ಮನೆಯಿಂದ ಓಡಿಬಂದದ್ದು ಅವಳಿಗೆ ಗೊತ್ತಿತ್ತು. ಗಂಡ ಭುಜಂಗ ಇನ್ನೂ ಹುಡುಕುತ್ತಿದ್ದಾನೆಂಬುದು ಗೊತ್ತಿರಲಿಲ್ಲ. ಕಳೆದ ದೀಪಾವಳಿಗೆ ಅವನು ಊರಿನಲ್ಲಿದ್ದ ನಳಿನಾಕ್ಷಿಯ ಅಣ್ಣನಿಗೆ ಫೋನ್ ಮಾಡಿ, “ಸಿಕ್ಕಿದ ದಿನ ಅವಳನ್ನು ಬಿಡುವುದಿಲ್ಲ” ಎಂದಿದ್ದ.

ಈಗ ನಳಿನಾಕ್ಷಿ ಹೇಳಿದಳು. ವೇದಾವತಿಯ ನಗು ಇಂಗಿತು. ವಾಶಿಯ ಆ ಸಭಾಂಗಣದಿಂದ ತುರ್ಭೆಗೆ ಎರಡೇ ಸ್ಟೇಷನ್.

ನಳಿನಾಕ್ಷಿ ಚೀಟಿಯನ್ನು ಕಿತ್ತು ಮುಷ್ಟಿಯೊಳಗೆ ಹಿಡಿದಳು. ಬಾಗಿಲಲ್ಲಿ ಗಂಡಸರ ಅಂಗಿ ಕಂಡಾಗಲೆಲ್ಲ ಮುಖ ನೋಡಿ ಅವನಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಹೊರಡಬೇಕೆನ್ನುವಷ್ಟರಲ್ಲಿ ಪ್ರದರ್ಶನದ ಮೇಡಂ ಪೇಪರಿನ ಫೋಟೋಗ್ರಾಫರನನ್ನು ಕರೆತಂದು, ಇದು ಯಾರ ಕೆಲಸ ಎಂದು ಕೇಳಿದಳು.

“ನಂದು,” ವೇದಾವತಿ ಥಟ್ಟನೆ ಮುಂದೆ ಬಂದಳು.

ಫೋಟೋಗ್ರಾಫರ್ ನಡುವಿನ ಹಸಿರು ತುಂಡಿನ ಕರಿ ಅಂಚನ್ನು ತೋರಿಸಿದ. “ಇದೇಕೆ ಸುಟ್ಟಿದೆ?”

ವೇದಾವತಿ ಅಂಚನ್ನು ಬಗ್ಗಿ ನೋಡಿದಳು. “ಅದು... ಡಿಸೈನ್. ಬೇಕಂತನ ಸುಟ್ಟಿದ್ದು.”

“ವಾಹ್!” ಎಂದು ಅವನು ಡೈರಿಯಲ್ಲಿ ಬರೆದುಕೊಳ್ಳತೊಡಗಿದ.

ಸ್ಟೌವಿನ ಉರಿಗೆ ತನ್ನ ಸೆರಗನ್ನು ಹಿಡಿದಿದ್ದ ಭುಜಂಗನ ಕೈ ನಳಿನಾಕ್ಷಿಗೆ ಕಂಡಿತು. ಬಕೆಟ್ ಎತ್ತಲಾರದೆ ಚೊಂಬಿನಲ್ಲಿ ಮತ್ತೆ ಮತ್ತೆ ನೀರು ತಂದು ಎರಚಿದ್ದ ಮಗು ಕಂಡಿತು.

“ಡಿಸೈನ್ ಅಲ್ಲ,” ಎಂದಳು ಹಿಂದಿಯಲ್ಲಿ. ಸ್ವರ ಅವಳಿಗೇ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿದಳು. “ಅದು ನನ್ನ ಸೆರಗು. ನನ್ನ ಗಂಡ ಬೆಂಕಿ ಹಚ್ಚಿದ್ದು. ಕೌದಿ ನಾನು ಹೊಲಿದದ್ದು.”

ವೇದಾವತಿ ಅವಳ ಮಣಿಕಟ್ಟು ಹಿಡಿದಳು. “ಸುಮ್ನಿರ ನಳಿನಾ, ಪೇಪರಿನ್ಯಾಗ ಬರ್ತದ!”

ಫೋಟೋಗ್ರಾಫರನ ಪೆನ್ನು ನಿಂತಿತು. “ಹೆಸರು ಬೇಡವೆಂದರೆ ಹಾಕುವುದಿಲ್ಲ, ತಾಯಿ.”

ನಳಿನಾಕ್ಷಿ ಮುಷ್ಟಿ ಬಿಚ್ಚಿ, ಬೆವರಿಗೆ ಒದ್ದೆಯಾದ ಚೀಟಿಯನ್ನು ಅವನಿಗೆ ಕೊಟ್ಟಳು. ಆಮೇಲೆ ಗೆಳತಿಯ ಕಡೆ ತಿರುಗಿದಳು.

“ಇಲ್ಲಿಂದ ಸೀದಾ ಪೊಲೀಸ್ ಸ್ಟೇಷನ್‌ಗೆ ಹೋಗುವ. ನೀನು ಒಟ್ಟಿಗೆ ಬರ್ತೀಯಲ್ಲ?”

“ಬರ್ತೇನವಾ,” ಎಂದಳು ವೇದಾವತಿ.

“ಕೌದಿಯ ಅಂಚು ಹಿಡಿದು ನಿಲ್ಲಿ,” ಎಂದು ಫೋಟೋಗ್ರಾಫರ್ ಕ್ಯಾಮೆರಾ ಎತ್ತಿದ. “ಸ್ವಲ್ಪ ಅಲುಗಾಡದೆ...”

ನಳಿನಾಕ್ಷಿ ಇನ್ನೊಂದು ಕೈಯನ್ನೂ ಹಚ್ಚಿ ಗಟ್ಟಿಯಾಗಿ ಹಿಡಿದಳು. ಗೋಡೆಯ ಮೇಲೆ ಕೌದಿ ಉದ್ದಕ್ಕೂ ನಡುಗುತ್ತಲೇ ಇತ್ತು. ಅವನು ಕಾದ.