ಕೈಮಾತಿನ ಅಜ್ಜಿ

ಕಾಗದದ ಕಟ್ಟನ್ನು ಎಡಗೈಯಲ್ಲಿ ಹಿಡಿದು ಬಲಗೈ ಹೆಬ್ಬೆರಳಿನಿಂದ ಸರಸರನೆ ಬಿಟ್ಟರೆ ಕಾಗೆ ಗೋಡೆಯಿಂದೆದ್ದು ಹಾರುತ್ತಿತ್ತು. ನಾನು ಬರೆದ ಚಿತ್ರಗಳಲ್ಲಿ ಮೊದಲು ಚಲಿಸಿದ್ದು ಅದು. ಮನೆಗೆ ಹೊರಡುವ ಮುಂಚೆ ಒಮ್ಮೆಯಾದರೂ ಅದನ್ನು ಹಾರಿಸದಿದ್ದರೆ ನನಗೆ ಸಮಾಧಾನವಿರುತ್ತಿರಲಿಲ್ಲ.

ನಮ್ಮ ಸ್ಟುಡಿಯೋ ಎಂದರೆ ಹಳೆಯ ಛತ್ರದ ಮಹಡಿಯ ಉದ್ದನೆಯ ಕೋಣೆ. ನಾಗವೇಣಿ ಅಕ್ಕ ಅದನ್ನು ಕಟ್ಟಿ, ಬೆಂಕಿಪೊಟ್ಟಣದ ಚೀಟಿ, ಸೋಪಿನ ಜಾಹೀರಾತು ಬರೆದುಕೊಡುತ್ತ ನಡೆಸುತ್ತಿದ್ದರು. ಒಂದು ಬೆಳಿಗ್ಗೆ ಅವರು ಓಡುತ್ತಲೇ ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಬಿಡುವುದನ್ನೂ ಮರೆತು ಕೂಗಿದರು: “ಟಾಕೀಸಿನವರು ಒಪ್ಪಿದ್ರು ಕಣೇ! ಹಬ್ಬದ ದಿನ ದೊಡ್ಡ ಸಿನಿಮಾಕ್ಕೆ ಮುಂಚೆ ನಮ್ಮ ಚಿತ್ರ ಹಾಕ್ತಾರಂತೆ. ನಮ್ಮ ಸ್ವಂತದ್ದು!”

ಕತೆ ಅಕ್ಕನದೇ. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುವ ಅಜ್ಜಿ, ಅದನ್ನು ಕದಿಯುವ ಕಾಗೆ. ಬೇಸಿಗೆಯಿಡೀ ಜಗಳವಾಡಿ ಕೊನೆಗೆ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರದಂತಾಗುತ್ತಾರೆ. ಅಜ್ಜಿಯನ್ನು ಬರೆಯುವ ಕೆಲಸ ನನಗೆ ಬಂತು. ಕೆಳಗೆ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಹಾಳೆಯ ಮೇಲೆ ಹಾಳೆಯಿಟ್ಟು, ಹಿಂದಿನ ಗೆರೆಯನ್ನು ಕೂದಲೆಳೆಯಷ್ಟು ಸರಿಸುತ್ತ ಬರೆದೆ. ಅಜ್ಜಿ ನಡೆದಳು, ಬಾಗಿದಳು, ಕೋಲೆತ್ತಿದಳು. ಮಾತು ಮಾತ್ರ ಅವಳಿಗೆ ಒಗ್ಗಲಿಲ್ಲ. ನಾಟಕ ಕಂಪನಿಯ ನಟಿಯೊಬ್ಬರು ಬಂದು ಸೊಗಸಾಗಿ ಬೈದು ಧ್ವನಿ ಕೊಟ್ಟಿದ್ದರು. ಆ ಧ್ವನಿಗೆ ತುಟಿ ಕೂಡಿಬರದೆ, ಎಷ್ಟು ತಿದ್ದಿದರೂ ಅಜ್ಜಿ ಎಲೆಯಡಿಕೆ ಜಗಿಯುವಂತೆ ಕಾಣುತ್ತಿದ್ದಳು.

ಛತ್ರದ ಕೆಳಭಾಗದಲ್ಲಿ ಕಿವುಡ ಮಕ್ಕಳ ಶಾಲೆಯಿತ್ತು. ಅಲ್ಲಿನ ಮುಖ್ಯೋಪಾಧ್ಯಾಯಿನಿ ಫ್ಲೋರಿನ್ ಟೀಚರ್ ಒಂದು ಮಧ್ಯಾಹ್ನ ಮೇಲೆ ಬಂದು, “ನಮ್ಮ ಮಕ್ಕಳಿಗೂ ಒಂದ್ಸಲ ತೋರಿಸ್ತೀರಾ?” ಎಂದು ಕೇಳಿದರು.

“ಧ್ವನಿ ಇನ್ನೂ ಕೂಡಿಸಿಲ್ಲ ಟೀಚರ್,” ಎಂದೆ.

“ಅದರಿಂದ ನಮ್ಮ ಮಕ್ಕಳಿಗೇನು ತೊಂದ್ರೆ?” ಎಂದು ನಕ್ಕರು.

ಕಿಟಕಿ ಮುಚ್ಚಿ, ಸುಣ್ಣ ಬಳಿದ ಗೋಡೆಯ ಮೇಲೆ ಚಿತ್ರ ಬಿಟ್ಟೆವು. ಅಜ್ಜಿ ಕೈ ಬೀಸುತ್ತ ಕಾಗೆಯನ್ನು ಬೈಯುವ ಜಾಗ ಬಂದದ್ದೇ ತಡ, ಮಕ್ಕಳು ಹೊಟ್ಟೆ ಹಿಡಿದುಕೊಂಡು ಉರುಳಾಡತೊಡಗಿದರು. ನನಗೆ ಖುಷಿಯಾಯಿತು. ಆದರೆ ಅದು ಅಷ್ಟೊಂದು ನಗು ಬರುವ ಜಾಗವಾಗಿರಲಿಲ್ಲ. ಮಕ್ಕಳ ಜೊತೆ ಇಂದುಶ್ರೀ ಎಂಬ ತರುಣ ಶಿಕ್ಷಕಿ ಬಂದಿದ್ದಳು. ಅವಳಿಗೂ ಕಿವಿ ಕೇಳಿಸದು. ಅದೇ ಶಾಲೆಯಲ್ಲಿ ಓದಿ ಅಲ್ಲಿಯೇ ಪಾಠ ಹೇಳುತ್ತಿದ್ದವಳು. ಅವಳು ಕಣ್ಣೊರೆಸಿಕೊಂಡು ಟೀಚರಿಗೆ ಕೈಸನ್ನೆಯಲ್ಲಿ ಏನೋ ಹೇಳಿದಳು.

ಟೀಚರ್ ನನ್ನತ್ತ ತಿರುಗಿದರು. “ನಿಮ್ಮಜ್ಜಿ ಬೈತಾನೇ ಇಲ್ಲಮ್ಮ. ಈ ಮಕ್ಕಳ ಕೈಮಾತಲ್ಲಿ ಆಕೆ ಕಾಗೇನ ‘ನನ್ನ ಮದುವೆ ಆಗ್ತೀಯಾ’ ಅಂತ ಕೇಳ್ತಿದಾಳೆ. ಬಿಡದೆ ಕೇಳ್ತಿದಾಳೆ!”

ನನ್ನ ಮುಖ ಬಿಸಿಯಾಯಿತು. ಅಕ್ಕ ಮಾತ್ರ ಸ್ಟೂಲಿನಿಂದ ಎದ್ದೇ ನಿಂತರು. “ಇವಳಿಗೆ ಬಾಯಿಮಾತು ಯಾಕೆ ಬೇಕು? ಕೈಯಲ್ಲೇ ಮಾತಾಡ್ಲಿ!”

“ಅಕ್ಕ, ಹಬ್ಬ ಹತ್ರ ಬಂತು. ಬೈಯೋದನ್ನೆಲ್ಲ ಮತ್ತೆ ಬರೀಬೇಕು. ಟಾಕೀಸಿನ ಜನಕ್ಕೆ ಅರ್ಥ ಆಗ್ಬೇಡ್ವಾ?”

“ಇಷ್ಟು ದಿನ ಅವಳು ಬಾಯಿ ಆಡಿಸಿದ್ದು ಯಾರಿಗೆ ಅರ್ಥ ಆಗಿತ್ತು? ನನಗೇ ಆಗ್ಲಿಲ್ಲ.”

ಮರುದಿನದಿಂದ ಶಾಲೆ ಬಿಟ್ಟಮೇಲೆ ಇಂದುಶ್ರೀ ನನ್ನ ಮೇಜಿನೆದುರು ಬಂದು ನಿಲ್ಲತೊಡಗಿದಳು. ಸೆರಗು ಸಿಕ್ಕಿಸಿ, ಬೆನ್ನು ಬಾಗಿಸಿ, ಇಲ್ಲದ ಕಾಗೆಯನ್ನು ಬೈಯುತ್ತಿದ್ದಳು. ನಾನು ಅವಳ ಬೆರಳುಗಳನ್ನಷ್ಟೇ ನೋಡಿ ಬರೆದೆ. ಅವಳು ಹಾಳೆಗಳ ಕಟ್ಟನ್ನು ಸರಸರನೆ ಹಾರಿಸಿ ನೋಡಿ ಸರಿಯಿಲ್ಲವೆಂದು ತಲೆಯಾಡಿಸಿದಳು. ನನ್ನ ಹುಬ್ಬು ಮುಟ್ಟಿದಳು, ಭುಜ ಮುಟ್ಟಿದಳು. ಮಾತು ಬೆರಳಲ್ಲಷ್ಟೇ ಇಲ್ಲವೆಂದು ಆಗ ಹೊಳೆಯಿತು. ಅಲ್ಲಿಂದ ಪೆನ್ಸಿಲಿಗೆ ಬಿಡುವೇ ಇರಲಿಲ್ಲ. ಗಲ್ಲದ ಮೇಲೆ ಸದಾ ಮಸಿ ಮೆತ್ತಿಕೊಂಡಿರುತ್ತಿದ್ದ ನನಗೆ ಅವಳು ಒಂದು ಹೆಸರನ್ನೂ ಇಟ್ಟಳು: ಗಲ್ಲದ ಮೇಲೆ ಒಂದು ಬೆರಳು ಎಳೆದರೆ ಅದು ನಾನು. ಕೆಲಸ ಮುಗಿದ ಸಂಜೆ ಕಾಗೆಯ ಕಟ್ಟನ್ನೂ ಅಜ್ಜಿಯ ಕಟ್ಟನ್ನೂ ಇಬ್ಬರೂ ಎದುರುಬದುರು ಹಿಡಿದು ಒಟ್ಟಿಗೆ ಹಾರಿಸಿದೆವು. ಅಜ್ಜಿ ಬೈದಳು, ಕಾಗೆ ಹಾರಿತು. ಅಕ್ಕ ಕೂತಲ್ಲೇ ಕುಣಿದರು.

ಹಬ್ಬದ ದಿನ ಟಾಕೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಬೆಂಚುಗಳಲ್ಲಿ ಶಾಲೆಯ ಮಕ್ಕಳು ಕೂತಿದ್ದರು. ಚಿತ್ರ ಶುರುವಾಗಿ ಸ್ವಲ್ಪ ಹೊತ್ತಿಗೇ ಹಿಂದಿನಿಂದ, “ಸೌಂಡ್ ಹಾಕ್ರೋ!” ಎಂಬ ಕೂಗು, ಸಿಳ್ಳೆ. ನಾನು ಅಕ್ಕನ ಕೈ ಹಿಡಿದುಕೊಂಡೆ.

ಪರದೆಯ ಮೇಲೆ ಅಜ್ಜಿ ಕೋಲು ಕೆಳಗಿಟ್ಟಳು. ಸೆರಗು ಸಿಕ್ಕಿಸಿದಳು. ಕೈಯೆತ್ತಿ ಶುರುಮಾಡಿದಳು. ಮುಂದಿನ ಬೆಂಚುಗಳಿಂದ ನಗು ಉಕ್ಕಿತು. ಏನಾಯಿತೆಂದು ಜನ ಮಕ್ಕಳನ್ನು ನೋಡಿದರು, ಮತ್ತೆ ಅಜ್ಜಿಯನ್ನು ನೋಡಿದರು. ಆ ಹುಬ್ಬು, ಆ ಸೊಂಟ, ಆ ಚಿಟಿಕೆ!

“ಅಯ್ಯೋ, ಥೇಟ್ ನಮ್ಮತ್ತೆ!” ಎಂದು ಯಾರೋ ಹೆಂಗಸು ಕೂಗಿದಳು.

ಇಡೀ ಟಾಕೀಸು ಬಿದ್ದು ಬಿದ್ದು ನಕ್ಕಿತು. ಆಮೇಲೆ ಯಾರೂ ಸೌಂಡ್ ಕೇಳಲಿಲ್ಲ. ಕಾಗೆ ಬಾರದ ದಿನ ಅಜ್ಜಿ ಬರಿದಾದ ಆಕಾಶಕ್ಕೆ ಕೈಯಲ್ಲೇ “ಬಾ” ಎಂದಾಗ ನನ್ನ ಪಕ್ಕದ ಮುದುಕರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು.

ಚಿತ್ರ ಮುಗಿದು ಚಪ್ಪಾಳೆ ಎದ್ದಿತು. ಮುಂದಿದ್ದ ಮಕ್ಕಳು ಬೆಂಚಿನ ಮೇಲೆ ಹತ್ತಿ, ಚಪ್ಪಾಳೆ ತಟ್ಟದೆ, ಎರಡೂ ಕೈ ಮೇಲೆತ್ತಿ ಅಲುಗಾಡಿಸುತ್ತಿದ್ದರು; ಕೈಮಾತಿನಲ್ಲಿ ಅದೇ ಚಪ್ಪಾಳೆ. ಇಂದುಶ್ರೀ ಹಿಂದಕ್ಕೆ ತಿರುಗಿ, ನಮ್ಮನ್ನು ಹುಡುಕುತ್ತ, ತಾನೂ ಹಾಗೆಯೇ ಕೈಯೆತ್ತಿದ್ದಳು. ಚಿತ್ರ ಬಿಡುವ ಯಂತ್ರದ ಬೆಳಕು ಇನ್ನೂ ಆರಿರಲಿಲ್ಲ. ಹಿಂದೆ ಚಪ್ಪಾಳೆ ಒಂದೊಂದಾಗಿ ನಿಂತು, ಒಂದೊಂದಾಗಿ ಕೈಗಳು ಮೇಲೆದ್ದವು. ಬಿಳಿಯ ಪರದೆಯ ತುಂಬ ಬೆರಳುಗಳ ನೆರಳು ಸದ್ದಿಲ್ಲದೆ ಅಲುಗುತ್ತಿತ್ತು.