ಇಬ್ಬರು ಹಂಚಿಕೊಂಡ ಮಾತ್ರೆ

ನಮ್ಮ ಕಡೆ ಒಬ್ಬರಿಗೆ ಬರೆದುಕೊಟ್ಟ ಔಷಧಿ ಊರಿಗೆಲ್ಲ ಆಗುತ್ತದೆ. ಮಗುವಿನ ಕೆಮ್ಮಿನ ಔಷಧಿ ಅಜ್ಜಿಗೆ, ಅಜ್ಜಿಯ ಮಂಡಿನೋವಿನ ಮಾತ್ರೆ ಪಕ್ಕದ ಮನೆಗೆ. ಕೊಟ್ಟವರಿಗೆ ಪುಣ್ಯ, ತೆಗೆದುಕೊಂಡವರಿಗೆ ಆಸ್ಪತ್ರೆ ತಪ್ಪಿತು ಅನ್ನುವ ಸಮಾಧಾನ. ಈ ಪುಣ್ಯದಿಂದಲೇ ಅಬ್ಬಿಗೆರೆಯಲ್ಲಿ ಒಂದು ಜೀವ ಹೋಯಿತು.

ಅಕ್ಕಯ್ಯಮ್ಮ, ಗೋಪಾಲಮ್ಮ ಓರಗಿತ್ತಿಯರು. ಒಂದೇ ಅಂಗಳ, ಎರಡು ಒಲೆ. ಯಾರ ಮನೆಯಲ್ಲಿ ಸಾರು ಕುದಿದರೂ ಇನ್ನೊಂದು ಮನೆಗೆ ಒಂದು ಬಟ್ಟಲು ಹೋಗಲೇಬೇಕು. ಎಂಬತ್ತಮೂರನೇ ಇಸವಿಯಲ್ಲಿ ಕಿರಿಯವಳಾದ ಗೋಪಾಲಮ್ಮನಿಗೆ ಸ್ತನದ ಗಡ್ಡೆಯ ಆಪರೇಷನ್ ಆಯಿತು. ಆಮೇಲೆ ದಿನಕ್ಕೊಂದು ಮಾತ್ರೆ, ತಪ್ಪಿಸಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು.

ಮರುವರ್ಷ ಅಕ್ಕಯ್ಯಮ್ಮನ ಎಡ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಗಂಡ ರಾಮಕೃಷ್ಣಪ್ಪನಿಗೆ ಹೇಳಲಿಲ್ಲ, ಮಗಳು ಸೀತಾಗೂ ಹೇಳಲಿಲ್ಲ. ಗೋಪಾಲಮ್ಮನಿಗೆ ಮಾತ್ರ ಹೇಳಿದಳು. ಆಸ್ಪತ್ರೆಗೆ ಹೋಗೋಣವೆಂದರೆ, ಗಂಡಸು ಡಾಕ್ಟರ ಮುಂದೆ ರವಿಕೆ ಬಿಚ್ಚಲಾರೆ ಎಂದು ಕೂತಳು.

"ನಂಗೆ ಮುಟ್ಟು ನಿಂತು ಏಳು ವರ್ಸ ಆಯ್ತು ಕಣೆ ಗೋಪಾಲಿ. ಎಂಗಸ್ರ ಕಾಯ್ಲೆ ಇನ್ನೆಲ್ಲಿಂದ ಬತ್ತದೆ?"

ಗೋಪಾಲಮ್ಮನಿಗೆ ಮನಸ್ಸು ತಡೆಯಲಿಲ್ಲ. ಸಾರು ಹಂಚಿದ ಹಾಗೆ ಮಾತ್ರೆಯನ್ನೂ ಹಂಚಿದಳು. ಇವತ್ತು ನಂಗೆ, ನಾಳೆ ನಿಂಗೆ. ಮೊದಮೊದಲು ಗಂಟು ಬೆಳೆದಂತೆ ಕಾಣಲಿಲ್ಲ. ಅದೇ ಅವರಿಬ್ಬರನ್ನೂ ಕೆಡಿಸಿತು. ಹತ್ತು ತಿಂಗಳು ಹೀಗೇ ಕಳೆಯಿತು. ಕಂಕುಳು ಊದಿತು, ಬೆನ್ನು ಹಿಡಿಯಿತು. ಬಾವಿಯಿಂದ ನೀರು ಸೇದಿದ್ದಕ್ಕೆ ಎಂದುಕೊಂಡಳು ಅಕ್ಕಯ್ಯಮ್ಮ.

ಕೂಸುಗಳಿಗೆ ಲಸಿಕೆ ಹಾಕಲು ಬಂದಿದ್ದ ನರ್ಸ್ ಸತ್ಯವತಿ, ಅವಳು ಎಡಗೈ ಎತ್ತಲಾರದೆ ಒದ್ದಾಡುವುದನ್ನು ಕಂಡರು. ಒಳಗೆ ಕರೆದುಕೊಂಡು ಹೋಗಿ ಮುಟ್ಟಿ ನೋಡಿದರು. ನಾಳೆಯೇ ದೊಡ್ಡಾಸ್ಪತ್ರೆಗೆ ಹೋಗಬೇಕು ಎಂದರು. ಮುಟ್ಟು ನಿಂತ ಮಾತನ್ನು ಅಕ್ಕಯ್ಯಮ್ಮ ಅವರ ಮುಂದೆಯೂ ಎತ್ತಿದಳು.

"ಮುಟ್ಟು ನಿಂತ್ರೂ ಈಸ್ಟ್ರೊಜನ್ ಅನ್ನೋ ಹೆಣ್ಣಿನ ಹಾರ್ಮೋನು ಪೂರ್ತಿ ನಿಲ್ಲಲ್ಲ ಅಕ್ಕಯ್ಯಮ್ಮನೋರೇ. ಮೈಯ ಕೊಬ್ಬಲ್ಲಿ ಸ್ವಲ್ಪ ಸ್ವಲ್ಪ ತಯಾರಾಗ್ತಾನೇ ಇರುತ್ತೆ. ಎಷ್ಟೋ ಗಡ್ಡೆಗಳು ಅದನ್ನ ರಕ್ತದಿಂದ ಎಳ್ಕೊಳ್ಳುತ್ವೆ. ಕೆಲವು ತಮ್ಮೊಳಗೇ ತಯಾರು ಮಾಡ್ಕೊಂಡು, ಅದನ್ನೇ ತಿಂದು ಬೆಳಿಯುತ್ವೆ."

ಹಾಗಾದರೆ ತಾನು ಕೊಟ್ಟ ಮಾತ್ರೆ ಅದನ್ನು ತಡೆಯುವುದಕ್ಕೇ ಅಲ್ಲವೇ ಎಂದು, ಜೊತೆಗೇ ಒಳಗೆ ಬಂದಿದ್ದ ಗೋಪಾಲಮ್ಮ ಕೇಳಿದಳು. ಆಗಲೇ ಹಂಚಿಕೆಯ ಸಂಗತಿ ಹೊರಬಿದ್ದದ್ದು. ಸತ್ಯವತಿ ಬೈಯಲಿಲ್ಲ. ಬೈದಿದ್ದರೆ ಗೋಪಾಲಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಬಸ್ಸಲ್ಲಿ ಟವೆಲ್ ಹಾಕಿ ಸೀಟ್ ಹಿಡೀತಾರಲ್ಲ, ಈ ಮಾತ್ರೆ ಹಂಗೆ. ಹಾರ್ಮೋನು ಬಂದು ಕೂರೋ ಜಾಗಾನ ಮೊದಲೇ ಹಿಡ್ಕೊಳುತ್ತೆ. ಆದ್ರೆ ಎಲ್ಲಾ ಗಡ್ಡೆಗೂ ಇದು ನಡೆಯಲ್ಲ. ಗಡ್ಡೆ ಪರೀಕ್ಷೆ ಮಾಡಿದ ಡಾಕ್ಟ್ರು ಹೇಳ್ಬೇಕು. ಒಬ್ರ ಮಾತ್ರೇನ ಇಬ್ರು ನುಂಗಿದ್ರಿ, ಇಬ್ರಿಗೂ ಸಾಲ್ಲಿಲ್ಲ."

ಮರುದಿನವೇ ರಾಮಕೃಷ್ಣಪ್ಪ ಹೆಂಡತಿಯನ್ನು ಕರೆದುಕೊಂಡು, ಗೊರಗುಂಟೆಪಾಳ್ಯದಲ್ಲಿ ಬಸ್ಸು ಬದಲಿಸಿ ದೊಡ್ಡಾಸ್ಪತ್ರೆಗೆ ಹೋದ. ಕಾಯಿಲೆ ಬೆನ್ನುಮೂಳೆಗೆ ಇಳಿದಿತ್ತು. ಹತ್ತು ತಿಂಗಳ ಹಿಂದೆ ಬಂದಿದ್ದರೆ ಗಡ್ಡೆ ತೆಗೆಯಬಹುದಿತ್ತು ಎಂದರು ಡಾಕ್ಟರು.

ಸಂಕ್ರಾಂತಿಯ ಹೊತ್ತಿಗೆ ಅಕ್ಕಯ್ಯಮ್ಮ ಹಾಸಿಗೆ ಹಿಡಿದಳು. ಗೋಪಾಲಮ್ಮ ಕಾಲ ಬಳಿ ಕೂತು, ನಾನೇ ನಿನ್ನ ಕೊಂದೆ ಎಂದು ಅಳುತ್ತಿದ್ದಳು.

"ನೀನು ಕೊಟ್ಟೆ ಅಂತ ನಾನು ಸಾಯ್ತಿಲ್ಲ. ನಾಚ್ಕೊಂಡು ಕೂತೆ, ಅದ್ಕೆ. ಸೀತಂಗೆ ಇಂಗೆ ಆಗಕ್ಕೆ ಬಿಡ್ಬೇಡ."

ಎಂಟು ದಿನಕ್ಕೆ ಅವಳು ತೀರಿಕೊಂಡಳು.

ತಿಥಿ ಮುಗಿದ ವಾರ ರಾಮಕೃಷ್ಣಪ್ಪ ಸೀತಾಳನ್ನೂ ಗೋಪಾಲಮ್ಮನನ್ನೂ ಕರೆದುಕೊಂಡು ಬಸ್‌ಸ್ಟಾಪಿನಲ್ಲಿ ನಿಂತಿದ್ದ. ಎಲ್ಲಿಗೆ ಎಂದು ಊರಿನವರು ಕೇಳಿದರು. ಎದೆ ತೋರಿಸಲು ಆಸ್ಪತ್ರೆಗೆ ಎಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಸೀತಾಗೆ ಏನೂ ಇರಲಿಲ್ಲ. ಗೋಪಾಲಮ್ಮನ ಹಳೆಯ ಗಾಯದ ಪಕ್ಕ ಡಾಕ್ಟರು ಬಹಳ ಹೊತ್ತು ಕೈಯಿಟ್ಟು ನೋಡಿ, ಮತ್ತೆ ಪರೀಕ್ಷೆಗೆ ಬರೆದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಮುಟ್ಟು ನಿಂತಿರಲಿ ನಿಲ್ಲದಿರಲಿ, ಎದೆಯಲ್ಲಿ ಗಂಟು ಸಿಕ್ಕರೆ ನೋವಿಲ್ಲವೆಂದು ಕಾಯಬೇಡಿ. ಈ ವಾರವೇ ತೋರಿಸಿ. ಹೆಂಗಸು ಡಾಕ್ಟರು ಬೇಕೆಂದರೆ ಬಾಯಿಬಿಟ್ಟು ಕೇಳಿ. ನಿಮ್ಮ ಮಾತ್ರೆಯನ್ನು ಯಾರಿಗೂ ಕೊಡಬೇಡಿ, ನೀವೂ ಬಿಡಬೇಡಿ. ಓರಗಿತ್ತಿಯೋ ನೆರೆಯವಳೋ ನಿಮ್ಮೊಬ್ಬರಿಗೇ ಗುಟ್ಟು ಹೇಳಿದರೆ ಅವಳ ಜೊತೆ ಆಸ್ಪತ್ರೆಗೆ ಹೋಗಿ. ಅವಳು ಬೇಡವೆಂದರೂ ಬಿಡದೆ ಕರೆದುಕೊಂಡು ಹೋಗಿ.